ಬ್ರಷ್ ಆಡಿಸುವಷ್ಟು ಜಾಗ

ಡಬಲ್ ಕೋಟ್ ಮೇಸ್ತ್ರಿ ಮನೆಯ ಪಕ್ಕಕ್ಕೆ ತಗಡಿನ ಬೇಲಿ ಹಾಕಿಸುವಾಗ ಅದನ್ನು ಗಡಿಯ ಮೇಲೆ ಹಾಕಿಸಲಿಲ್ಲ, ಮೂರಡಿ ಒಳಕ್ಕೆ ಹಾಕಿಸಿದ. ಹೀಗೆ ಜಾಗ ಬಿಟ್ಟುಕೊಟ್ಟವನನ್ನು ಆ ಬೀದಿ ಕಂಡಿರಲಿಲ್ಲ. ದಡ್ಡ ಎಂದು ನಗುವಂತೆಯೂ ಇರಲಿಲ್ಲ. ಒಂದೂವರೆ ಡಬ್ಬ ಬಣ್ಣ ಬೇಡುವ ಗೋಡೆಯನ್ನು ಒಂದೇ ಡಬ್ಬದಲ್ಲಿ ಮುಗಿಸಿ, ‘ಎರಡು ಕೋಟು ಹೊಡೆದಿದೀನಿ, ಬೇಕಾದ್ರೆ ಉಗುರಲ್ಲಿ ಕೆರೆದು ನೋಡಿ’ ಎನ್ನುವ ಆಸಾಮಿ ಅವನು. ಹೊಸ ಬಣ್ಣದ ಗೋಡೆಯನ್ನು ಯಾವ ಮನೆಯವರು ಕೆರೆದಾರು?

ಬೇಲಿಯ ಲೆಕ್ಕ ಅವನಿಗೆ ಕಸುಬಿನಿಂದಲೇ ಬಂದದ್ದು. ಅವನು ಕಂಡ ನೆರೆಹೊರೆಯ ಜಗಳಗಳಲ್ಲಿ ಮುಕ್ಕಾಲು ಪಾಲು ಗೋಡೆಯ ಹೊರಮೈಯವು. ಒಳಗೆ ಫಳಫಳ ಹೊಳೆಯುವ ಗೋಡೆ ಹೊರಗೆ ಪಾಚಿ ಹಿಡಿದಿರುತ್ತದೆ, ಪಕ್ಕದವರು ಏಣಿ ಇಡಲು ಬಿಡದ್ದಕ್ಕೆ. ಅಂಗಲಾಚಬೇಕು, ಹಲ್ಲು ಗಿಂಜಬೇಕು, ಒಂದು ಹನಿ ಬಿದ್ದರೆ ಬೈಸಿಕೊಳ್ಳಬೇಕು. ತಗಡಂತೂ ಬಣ್ಣ ಕಾಣದಿದ್ದರೆ ತುಕ್ಕಿಗೆ ತುತ್ತು. ಅದಕ್ಕೇ ಆಚೆ ಕೂತು ಬ್ರಷ್ ಆಡಿಸುವಷ್ಟು ಜಾಗವನ್ನು ತನ್ನದರಲ್ಲೇ ಬಿಟ್ಟ. ನನ್ನ ಬೇಲಿ ಬಳಿಯೋಕೆ ಇನ್ನೊಬ್ಬನ ಬಾಗಿಲಲ್ಲಿ ಕೈಕಟ್ಟಿ ನಿಲ್ಲೋನಲ್ಲ ನಾನು ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ.

ಪಕ್ಕದವನು ಮಂಚ ಮಾಡಿ ಮಾರುವವನು. ಮರಕ್ಕಿಂತ ಮಾತಿಗೇ ಹೆಚ್ಚು ಪಾಲಿಶ್. ಮೊದಲು ಆ ಮೂರಡಿಯಲ್ಲಿ ಎರಡು ಹಲಗೆ ಒರಗಿಸಿ, ಒಣಗಲಿ ಅಂತ ಇಟ್ಟೆ ಅಣ್ಣ ಎಂದ. ಹಲಗೆಗಳು ಒಣಗಿದರೂ ಹೋಗಲಿಲ್ಲ, ನೆಂಟರನ್ನೂ ಕರೆತಂದವು. ಆಮೇಲೆ ನಾಯಿ ನುಗ್ಗುತ್ತವೆ ಎಂದು ಆ ಜಾಗದ ಬೀದಿ ಕಡೆಯ ತುದಿಗೊಂದು ಪುಟ್ಟ ಗೇಟು ಬಂತು. ಬೇಲಿಗೆ ಮತ್ತೆ ಬಣ್ಣ ಹೊಡೆಯುವ ವರ್ಷ ಬಂದಾಗ ಮಂಚದವನು ತಾನಾಗಿಯೇ ಬಂದ.

“ಈ ವಯಸ್ಸಲ್ಲಿ ನೀವ್ಯಾಕಣ್ಣ ಬಗ್ಗಿ ಏಳ್ತೀರಿ? ಆಚೆ ಮೈ ನಾನೇ ಬಳಿಸ್ತೀನಿ. ನನ್ನ ಗಿರಾಕಿಗಳ ಕಣ್ಣಿಗೆ ಬೀಳೋದು ಅದೇ ತಾನೆ.”

ಒಂದು ಡಬ್ಬ ಉಳಿಯಿತು. ಅಂದು ಮೇಸ್ತ್ರಿ ಲಾಟರಿ ಹೊಡೆದವನ ಮುಖ ಹೊತ್ತು ಊಟಕ್ಕೆ ಕೂತ. ಪುಕ್ಕಟೆ ಮಾಲಿಗೆ ಬೆಲೆಚೀಟಿ ಅಂಟಿಸಿರುವುದಿಲ್ಲ. ಹಾಗೆಂದು ಬೆಲೆ ಇಲ್ಲವೆಂದಲ್ಲ. ಅಂದಿನಿಂದ ಬೇಲಿಯ ಹೊರಮೈಗೆ ಮಂಚದಂಗಡಿಯ ಕಾಫಿಪುಡಿ ಬಣ್ಣವೇ ಖಾಯಂ ಆಯಿತು.

ವರ್ಷಗಳು ಕಳೆದವು. ಮೇಸ್ತ್ರಿಯ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಕಾಲು ಮಾತು ಕೇಳಲಿಲ್ಲ, ಗಾಲಿಕುರ್ಚಿ ಬಂತು. ಮನೆಯ ಮುಂದೆ ಕಡಿದಾದ ಮೆಟ್ಟಿಲು, ಮೆಟ್ಟಿಲಿಳಿದರೆ ಚರಂಡಿ. ಪಕ್ಕದ ಬಾಗಿಲಿನಿಂದ ಹೊರಡೋಣವೆಂದರೆ ಗೋಡೆಗೂ ಬೇಲಿಗೂ ನಡುವೆ ಕುರ್ಚಿ ಹಿಡಿಸದು. ಸಂಜೆಯಾದರೆ ಬೀದಿಯ ಅಂಗಡಿಗಳ ಯೋಗಕ್ಷೇಮವನ್ನೆಲ್ಲ ವಿಚಾರಿಸಿ ಬರುತ್ತಿದ್ದ ಹೆಂಗಸು ಚಾವಣಿ ನೋಡುತ್ತ ಕೂತಳು. ಸ್ವಂತ ಮನೆಯಾದ್ದರಿಂದ ಅದಕ್ಕೆ ನಿಜವಾಗಿಯೂ ಎರಡು ಕೋಟು ಬಿದ್ದಿತ್ತು.

ಬೇಲಿಯನ್ನು ಗಡಿಗೆ ಸರಿಸಿದರೆ ಅವಳಿಗೆ ದಾರಿಯಾಗುತ್ತದೆ. ಹಲಗೆ ತೆಗಿಯಪ್ಪ ಎಂದು ಮೇಸ್ತ್ರಿ ಹೇಳಿದ. ಮಂಚದವನು ಅಷ್ಟೇ ಮೆತ್ತಗೆ, ಯಾವ ಜಾಗದ ಹಲಗೆ ಅಣ್ಣ ಎಂದು ಕೇಳಿದ.

ಸರ್ವೆಯವನು ಬಂದು ಟೇಪು ಹಿಡಿದ. ಗಡಿ ಮೇಸ್ತ್ರಿ ಹೇಳಿದಲ್ಲೇ ಇತ್ತು. ಜಾಗ ಯಾರ ಹೆಸರಲ್ಲಿದೆ ಎಂದು ಕೇಳಿದ್ದಕ್ಕೆ ಮೇಸ್ತ್ರಿ, ಹೆಂಡತಿಯ ಹೆಸರಲ್ಲಿದೆ, ಅವರಪ್ಪ ಬರೆದುಕೊಟ್ಟದ್ದು, ಎಲ್ಲ ಒಂದೇ ಎಂದ. ಮಂಚದವನು ಜಗಳವಾಡಲಿಲ್ಲ. ಈ ಮೈಗೆ ಇಷ್ಟು ವರ್ಷ ಬಣ್ಣ ಬಳಿಸಿದವರು ಯಾರು, ಅಣ್ಣನೇ ಹೇಳಲಿ ಎಂದಷ್ಟೇ ಅಂದ.

“ಕಾಗದ ನಿಮ್ಮ ಕಡೆ, ಬಣ್ಣ ಅವರ ಕಡೆ,” ಎಂದ ಸರ್ವೆಯವನು ಟೇಪು ಸುತ್ತುತ್ತ. “ಕೋರ್ಟಿಗೆ ಹೋಗಿ. ಗೆಲ್ಲಬಹುದು, ನಿಧಾನವಾಗಿ.”

ಮಾರನೆಯ ದಿನ ಮಂಚದವನ ಮಾತು ಬಂತು. ಆ ಮೂರಡಿ ತನ್ನದೆಂದು ಬರೆದುಕೊಟ್ಟರೆ ಸಾಕು. ಪಕ್ಕದ ಬಾಗಿಲಿನೆದುರು ಎರಡು ತಗಡು ಕಿತ್ತು ಬೇಲಿಗೆ ಬಾಗಿಲಿಟ್ಟು, ಇಳಿಜಾರಿಗೆ ಹಲಗೆಯನ್ನೂ ತಾನೇ ಹಾಕಿಸುತ್ತಾನೆ. ಅತ್ತಿಗೆ ಬದುಕಿರುವಷ್ಟು ದಿನ ಆ ದಾರಿಯಲ್ಲಿ ಓಡಾಡಲಿ. ಮೇಸ್ತ್ರಿ ಉರಿದುಬಿದ್ದ. ನನ್ನ ಜಾಗದಲ್ಲಿ ಓಡಾಡೋಕೆ ಇವನ ಅಪ್ಪಣೆಯೇ ಎಂದು ವಕೀಲನ ಮನೆಗೆ ಹೊರಟ.

“ರೀ, ಕೇಸು ಎಷ್ಟು ವರ್ಷ ಹಿಡಿಯುತ್ತೆ?” ಹೆಂಡತಿ ಕೇಳಿದಳು.

“ಎಷ್ಟಾದರೂ ಹಿಡೀಲಿ. ಬಿಡ್ತೀನಾ?”

“ನೀವು ಬಿಡಲ್ಲ, ಗೊತ್ತು. ಅಲ್ಲೀವರೆಗೆ ನಾನೇನು ಮಾಡಲಿ?”

“ಸ್ವಲ್ಪ ತಡಕೋ ಕಣೇ. ಮಾನದ ಪ್ರಶ್ನೆ ಇದು.”

“ಮಾನ ನಿಮ್ಮದು, ಕುರ್ಚಿ ನನ್ನದು,” ಎಂದಳು ಆಕೆ. ಅವನು ಚಪ್ಪಲಿ ಮೆಟ್ಟಿ ನಡೆದ.

ವಕೀಲನು ಕಡತ ಸಿದ್ಧಮಾಡಿ, ಸಹಿ ಜಾಗದ ಒಡತಿಯದೇ ಬೇಕು ಎಂದು ಕೊಟ್ಟು ಕಳಿಸಿದ. ಮೇಸ್ತ್ರಿ ಅದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಾಗ ಮಂಚದವನ ಹೆಂಡತಿ ಮೇಸ್ತ್ರಿಯದೇ ನಡುಮನೆಯಿಂದ ಹೊರಗೆ ಬರುತ್ತಿದ್ದಳು. ಮೂರಡಿಯನ್ನು ಬಿಟ್ಟುಕೊಟ್ಟ ಕಾಗದಕ್ಕೆ ಒಡತಿಯ ಸಹಿ ಆಗಿಹೋಗಿತ್ತು. ಇಷ್ಟು ವರ್ಷ ‘ನನ್ನ ಜಾಗ, ನನ್ನ ಬೇಲಿ’ ಎಂದು ಬೀದಿ ತುಂಬ ಸಾರಿದವನಿಗೆ, ಅದು ಎಂದೂ ತನ್ನದಾಗಿರಲಿಲ್ಲ ಎಂಬುದನ್ನು ಹೆಂಡತಿ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ವಾರದೊಳಗೆ ಒರಗಿಸಿದ್ದ ಹಲಗೆಗಳು ಜಾಗ ಖಾಲಿ ಮಾಡಿದವು, ಬಾಗಿಲಾಯಿತು, ಇಳಿಜಾರಾಯಿತು. ಮಂಚದವನು ಕೆಲಸದಲ್ಲಿ ಮೋಸ ಮಾಡಲಿಲ್ಲ. ಹಲಗೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ಮೊದಲ ಸಂಜೆ ಹೆಂಡತಿ ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟು, ತಳ್ಳೋಕೆ ಬರ್ತೀರಾ ಎಂದು ಗಂಡನನ್ನು ಕೇಳಿದಳು. ಅವನ ಜಾಗಕ್ಕೆ ನಾನು ಕಾಲಿಡಲ್ಲ ಎಂದ ಮೇಸ್ತ್ರಿ. ಎರಡನೇ ಸಲ ಕೇಳುವ ಗೋಜಿಗೆ ಆಕೆ ಹೋಗಲಿಲ್ಲ. ಬೇಲಿಯ ಕಡೆ ತಿರುಗಿ ಮಂಚದವನ ಹೆಂಡತಿಯನ್ನು ಕೂಗಿದಳು.

ಅಂದಿನಿಂದ ಅದೇ ರೂಢಿಯಾಯಿತು. ಯಾವ ಅಂಗಡಿ ಮುಚ್ಚಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು ಎಂಬ ಸುದ್ದಿಯೆಲ್ಲ ಕುರ್ಚಿ ತಳ್ಳುವವಳ ಪಾಲಾಯಿತು. ಮನೆಗೆ ಬರುವಷ್ಟರಲ್ಲಿ ಹೆಂಡತಿಯ ಮಾತು ಮುಗಿದಿರುತ್ತಿತ್ತು. ಒಂದು ಸಂಜೆ ತಗಡಿನ ಆಚೆ ಅವಳು ನಕ್ಕದ್ದು ಮೇಸ್ತ್ರಿಗೆ ಕೇಳಿಸಿತು, ಉಸಿರು ಕಟ್ಟುವಂಥ ನಗು. ಬಿದ್ದಮೇಲೆ ಮನೆಯೊಳಗೆ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಯಾವುದಕ್ಕೆ ನಕ್ಕೆ ಎಂದು ಊಟಕ್ಕೆ ಕೂತಾಗ ಕೇಳೋಣವೆಂದುಕೊಂಡ. ಆಕೆ ಅನ್ನ ಕಲಸುತ್ತಿದ್ದಳು, ಮುಖದಲ್ಲಿ ಆ ನಗುವಿನ ಚೂರು ಇನ್ನೂ ಉಳಿದಿತ್ತು. ಅವನು ತಲೆ ತಗ್ಗಿಸಿ ಉಂಡು, ತಟ್ಟೆ ತೊಳೆದಿಟ್ಟ.