ಭಜಿ ಕಟ್ಟಿದ ಕೊನೆಯ ಅಧ್ಯಾಯ

ದಾಂಡೇಲಿಯ ಕಾರ್ಖಾನೆಯಲ್ಲಿ ಆಗುವ ಕಾಗದ ಊರೂರಿಗೆ ಹೋಗಿ ಪುಸ್ತಕವಾಗುತ್ತದೆ. ಅದು ತಿರುಗಿ ದಾಂಡೇಲಿಗೆ ಬಂದರೆ ಓದುವವನು ಒಬ್ಬನೇ ಇದ್ದ. ಬಂಗೂರನಗರದ ತಿರುವಿನಲ್ಲಿ ಮಿರ್ಚಿ ಭಜಿಯ ಗಾಡಿ ಇಟ್ಟಿದ್ದ ಸಾಂಬ್ರಾಣಿ ಊರಿನ ಉಳವಪ್ಪ. ನಾನು ಅಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ನಾನೂ ಓದುತ್ತಿದ್ದೆ ಅಂತ ಬರೆದುಕೊಳ್ಳಬಹುದಿತ್ತು, ಆದರೆ ಮುಂದೆ ಬಯಲಾಗುವ ಸುಳ್ಳು ಈಗಲೇ ಯಾಕೆ?

ತೊಂಬತ್ತೆಂಟರ ಮಾತು. ಕಾರ್ಖಾನೆಯ ಸಾಹೇಬರೊಬ್ಬರು ಊರು ಬಿಡುವಾಗ ಅವರ ಮನೆಯ ರದ್ದಿಯನ್ನೆಲ್ಲ ಉಳವಪ್ಪ ತೂಕಕ್ಕೆ ತಂದ. ದಿನಪತ್ರಿಕೆಗಳ ಕೆಳಗೆ ಒಂದು ಚೀಲ ಕನ್ನಡ ಪುಸ್ತಕ ಇದ್ದವು. ಎಲ್ಲವೂ ಒಂದೇ ಜಾತಿಯವು: ಸ್ವಂತ ಉದ್ಯೋಗ ಮಾಡುವವನು ಎಷ್ಟಕ್ಕೆ ಏಳಬೇಕು, ಹೇಗೆ ಮಾತಾಡಬೇಕು, ಎಷ್ಟು ನಗಬೇಕು. ಉಳವಪ್ಪ ಏಳನೇ ಇಯತ್ತೆ ಓದಿದವನು. ಓದದೆ ಹರಿದರೆ ಪಾಪ ಅಂತ ತಾನೇ ಒಂದು ಕಾಯಿದೆ ಮಾಡಿಕೊಂಡ. ಹೆಂಡತಿ ನೀಲಕ್ಕ ಹಿಟ್ಟು ಕಲಸುವ ಹೊತ್ತಿನಲ್ಲಿ ಹತ್ತು ಹಾಳೆ ಓದುವುದು, ಸಂಜೆ ಅದೇ ಹತ್ತು ಹಾಳೆ ಹರಿದು ಭಜಿ ಕಟ್ಟುವುದು.

ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ತಕರಾರು ಇರಲಿಲ್ಲ. ಆದರೆ ಯಾವ ಗಿರಾಕಿಗೆ ಯಾವ ಹಾಳೆ ಅಂತ ಅವನು ಆರಿಸಿ ಕೊಡತೊಡಗಿದ. ಎಲ್ಲರೊಡನೆ ಜಗಳಾಡುವ ಹೂ ಮಾರುವ ಗೋದುಬಾಯಿಗೆ 'ಗಿರಾಕಿಯ ಮನಸ್ಸು ಗೆಲ್ಲುವ ಬಗೆ' ಹೋಯಿತು. ಅವಳಿಗೆ ಓದಲು ಬರುತ್ತಿದ್ದುದು ಮರಾಠಿ ಮಾತ್ರ.

"ಭಜಿ ಸಣ್ಣವಾಗ್ಯಾವ, ಕಾಗದ ದೊಡ್ಡದಾಗೈತಿ" ಎಂದು ಅವಳು ಅದಕ್ಕೂ ಜಗಳ ತೆಗೆದಳು.

ನನಗೆ ಬಂದದ್ದು 'ಸಿಟ್ಟನ್ನು ಆಳುವ ಏಳು ದಾರಿಗಳು'.

"ಓದ್ರಿ ಮಾಸ್ತರ, ನಿಮಗಂತನ ತಗದಿಟ್ಟೇನಿ" ಅಂದ ಉಳವಪ್ಪ.

ನಾನು ರಸ್ತೆಗೆ ಕೇಳುವಂತೆ ಅವನನ್ನು ಬೈದು, ಮನೆಗೆ ಬಂದು ಭಜಿ ತಿಂದು, ಕಾಗದ ಉಂಡೆ ಮಾಡಿ ಹಿತ್ತಲ ಕಸದ ಬುಟ್ಟಿಗೆ ಎಸೆದೆ. ದಿನಾ ಮಾಡುತ್ತಿದ್ದುದೂ ಅದನ್ನೇ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದೊಡ್ಡ ಕ್ಯಾಂಟೀನಿನ ಗುತ್ತಿಗೆದಾರ ಉಳವಪ್ಪನನ್ನು ಕೆಲಸಕ್ಕೆ ಕರೆದ. ತಿಂಗಳಾ ಪಗಾರ, ರವಿವಾರ ರಜೆ, ಮೇಲೊಂದು ಬಿಳಿ ಟೊಪ್ಪಿಗೆ. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಹೋದರೆ ತಿರುವಿನ ಜಾಗ ಮರುದಿನವೇ ಬೇರೆಯವರ ಪಾಲು, ಮತ್ತೆ ಸಿಗುವ ಮಾತಿಲ್ಲ. ಉಳವಪ್ಪ ನನ್ನನ್ನು ಕೇಳಿದ. ಪಗಾರದ ಮನುಷ್ಯನಾದ ನಾನು ಯೋಚಿಸದೆ "ಹೋಗು" ಅಂದೆ. ಅವನಿಗೆ ಸಮಾಧಾನವಾಗಲಿಲ್ಲ. ಚೀಲದಲ್ಲಿ ಉಳಿದಿದ್ದ ಕೊನೆಯ ಪುಸ್ತಕದ ಕೊನೆಯ ಅಧ್ಯಾಯ 'ನೌಕರಿಯೋ ಸ್ವಂತ ಉದ್ಯೋಗವೋ' ಅಂತ ಇತ್ತು. ಅದು ಹೇಳಿದಂತೆ ಮಾಡುವುದೆಂದು ನಿಶ್ಚಯಿಸಿದ.

"ಹಂಗಾರ ಈಗ ತಗದು ಓದು ಮಾರಾಯಾ" ಅಂದೆ.

"ನಡುವ ಹಾರಿಸಿ ಓದಬ್ಯಾಡ್ರಿ ಅಂತ ಮೊದಲನೇ ಹಾಳಿಯಾಗನ ಬರದೈತ್ರಿ. ಲೆಕ್ಕದ ಪ್ರಕಾರ ರವಿವಾರಕ್ಕ ಬರ್ತೈತಿ."

ರವಿವಾರ ಬೆಳಿಗ್ಗೆ ಉಳವಪ್ಪ ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದ. ಕೈಯಲ್ಲಿ ಪುಸ್ತಕವಿತ್ತು, ಅದರ ಬಾಲ ಇರಲಿಲ್ಲ.

"ಕೊನೀ ಅಧ್ಯಾಯನ ಇಲ್ರೀ ಮಾಸ್ತರ! ನಿನ್ನೆ ಪಾಳಿ ಬಿಟ್ಟಾಗ ಗದ್ದಲಿತ್ತು. ನಮ್ಮಾಕಿ ಹಿಂದಿನಿಂದ ಹರದಾಳ. ಅಷ್ಟೂ ಹಾಳಿ ನಿಮ್ಮ ಭಜಿಗೇ ಕಟ್ಟ್ಯಾಳಂತ."

ಇಬ್ಬರೂ ಹಿತ್ತಲ ಬುಟ್ಟಿ ಬೋರಲು ಹಾಕಿದೆವು. ಸಿಕ್ಕದ್ದು ಒಂದೇ ಉಂಡೆ. ಬಿಡಿಸಿದರೆ ಎಣ್ಣೆ ಕುಡಿದು ಎರಡೂ ಮಗ್ಗುಲು ಒಟ್ಟಿಗೇ ಕಾಣುತ್ತಿದ್ದವು. ಮೇಲೆ ದಪ್ಪ ಅಕ್ಷರದಲ್ಲಿ 'ಈ ವಿಷಯದಲ್ಲಿ ಓದಲೇಬೇಕಾದ ಇತರ ಪುಸ್ತಕಗಳು' ಎಂದಿತ್ತು. ಉಳವಪ್ಪ ಹೆಸರುಗಳ ಮೇಲೆ ಬೆರಳು ಆಡಿಸಿದ.

"ಇದು ಗೋದುಬಾಯಿ ಕಡೆ ಹೋತು. ಇದು ರಾತ್ರಿಪಾಳಿಯವರಿಗೆ. ಇದು ಪೂರಾ ನಿಮಗನ ಹೋಗೈತಿ" ಅಂದ. "ಉಳಿದ ಹಾಳಿ ಎಲ್ಲಿ ಅದಾವ್ರಿ?"

ಉಳಿದವುಗಳಿಂದ ಅಂದು ಬೆಳಿಗ್ಗೆ ನಾನೇ ನೀರೊಲೆ ಹೊತ್ತಿಸಿದ್ದೆ. ಅವನ ಬದುಕಿನ ತೀರ್ಮಾನದಲ್ಲಿ ನೀರು ಕಾಸಿ ಸ್ನಾನ ಮಾಡಿ ಕೂತಿದ್ದೆ. ಹೇಳಿದಾಗ ಅವನು ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅಷ್ಟರಲ್ಲಿ ಗಂಡನನ್ನು ಹುಡುಕುತ್ತ ನೀಲಕ್ಕ ಬಂದಳು. ಬುಟ್ಟಿ, ಕಸ, ನಮ್ಮಿಬ್ಬರ ಮುಖ ನೋಡಿದಳು.

"ಗದ್ದಲದಾಗ ಹರದಿಲ್ಲ, ಬೇಕಂತನ ಹರದೇನಿ. ಮಾಸ್ತರ ಎಂದೂ ಓದೂದಿಲ್ಲ ಅಂತ ಗೊತ್ತಿತ್ತು, ಅದಕ್ಕ ಅವರಿಗೇ ಕಟ್ಟಿದ್ನಿ."

ಕನ್ನಡ ಮಾಸ್ತರನಾದ ನಾನು ಕಸ ತುಂಬುವ ನೆವದಲ್ಲಿ ತಲೆ ಬಗ್ಗಿಸಿದೆ.

"ಅದರಾಗ ಏನ ಬರದಿತ್ತು? ಹೋಗಬ್ಯಾಡ ಅಂತಿತ್ತೇನು?" ಎಂದು ಉಳವಪ್ಪ ಎದ್ದು ನಿಂತ.

"ನಾನೂ ಓದಿಲ್ಲ. ಅದು ಹೋಗಂದ್ರ ಹೋಗ್ತಿದ್ರಿ, ಇರಂದ್ರ ಇರ್ತಿದ್ರಿ. ಮಾಸ್ತರನ್ನ ಕೇಳಿದ್ರಿ, ಪುಸ್ತಕಾನೂ ಕೇಳಿದ್ರಿ. ಹನ್ನೊಂದು ವರ್ಷ ಹಿಟ್ಟು ಕಲಸಿದಾಕಿನ್ನ ಒಂದು ಮಾತು ಕೇಳಿದ್ರೇನು? ಕ್ಯಾಂಟೀನಿನಾಗ ನಿಮಗೊಬ್ಬರಿಗೇ ಜಾಗಾ ಐತಿ. ನಾ ಎಲ್ಲಿ ಹೋಗಲಿ?"

ಚೀಲದ ಯಾವ ಪುಸ್ತಕದಲ್ಲೂ ನೀಲಕ್ಕ ಇರಲಿಲ್ಲ. ಉಳವಪ್ಪ ಬಾಲವಿಲ್ಲದ ಪುಸ್ತಕವನ್ನು ಮೆಟ್ಟಿಲ ಮೇಲೆ ಇಟ್ಟ.

"ಹಂಗಾರ ನೀನ ಹೇಳು. ಏನ್ ಮಾಡೂಣು?"

ಅವಳು ಸೆರಗು ಸರಿಪಡಿಸಿಕೊಂಡಳು, ಚೆಲ್ಲಿದ ಒಂದು ಕಾಗದ ಎತ್ತಿ ಬುಟ್ಟಿಗೆ ಹಾಕಿದಳು. ಅವನು ಕಾಯ್ದ.

"ಗಾಡಿ ಅಲ್ಲೇ ಇರ್ಲಿ. ಬಾಜೂಕ ಚುರಮುರಿ ಗಿರ್ಮಿಟ್ಟಿನ ಪಾತೇಲಿ ಇಡೂಣು. ಅದನ್ನ ನಾ ನೋಡ್ಕೋತೇನಿ."

ಸೋಮವಾರ ಉಳವಪ್ಪ ಗುತ್ತಿಗೆದಾರನಿಗೆ ಬರುವುದಿಲ್ಲ ಅಂದ. ಗಾಡಿ ತಿರುವಿನಲ್ಲೇ ಉಳಿಯಿತು, ನೀಲಕ್ಕ ಅದರ ಪಕ್ಕದಲ್ಲಿ ಗಿರ್ಮಿಟ್ಟಿನ ಪಾತೇಲಿ ಇಟ್ಟುಕೊಂಡು ನಿಂತಳು. ಆ ಸಂಜೆಯಿಂದ ಅವಳು ನನಗೆ ಭಜಿ ಕಟ್ಟಿ ಕೊಡುವುದನ್ನು ನಿಲ್ಲಿಸಿದಳು. ಮೊದಲು ಬರೀ ಕಾಗದ ಕೈಗೆ ಕೊಡುತ್ತಿದ್ದಳು. ನಾನು ಎರಡೂ ಮಗ್ಗುಲು ಓದಿ ಮುಗಿಸಿದ ಮೇಲೆಯೇ ಅದರಲ್ಲಿ ಭಜಿ ಹಾಕುತ್ತಿದ್ದಳು.