ಹಳದಿ ಗಿಳಿಯ ಫ್ರಾಕ್

ಮಾನ್ಯ ಓದುಗರಲ್ಲಿ ವಿನಂತಿ. ಅಂಕಣ ಬರೆಯುವುದು ನನಗೆ ಇದೇ ಮೊದಲು. ಕಾಗುಣಿತದ ದೋಷಗಳನ್ನೂ, ಸಂಪಾದಕರನ್ನು ಕಾಡಿರಬಹುದಾದ ನನ್ನ ಕೈಬರಹವನ್ನೂ ದಯವಿಟ್ಟು ಮನ್ನಿಸಬೇಕು.

ವಿಷಯ: ನಮ್ಮ ಮನೆಗೆ ಬಂದ ಒಂದು ಬಟ್ಟೆಯ ತುಂಡು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ಕಳೆದ ವಾರ ಸಂಪಗಾಂವದ ನಮ್ಮ ಮನೆಯ ಪಡಸಾಲೆಯಲ್ಲಿ, ಊರೂರು ತಿರುಗಿ ಹಳೆಯ ಬಟ್ಟೆಗಳಿಂದ ಹೊದಿಕೆ ಹೊಲಿದುಕೊಡುವ ಗಂಗವ್ವ ಕೌದಿ ಹೊಲಿಯುತ್ತಿದ್ದಳು. ನಮ್ಮ ಹಳೆಯ ಸೀರೆಗಳು ಸಾಲಲಿಲ್ಲ. ತನ್ನ ಗಂಟು ಬಿಚ್ಚಿ ಬೇರೆ ಮನೆಗಳ ತುಂಡುಗಳನ್ನು ತೆಗೆದಳು. ಅವುಗಳಲ್ಲಿ ಒಂದು ನೀಲಿ ಚೌಕಳಿಯದು. ಅಂಚಿನಲ್ಲಿ ಹಳದಿ ಗಿಳಿ.

ಗಿಳಿ ಎಲ್ಲಾದರೂ ಹಳದಿ ಇರುತ್ತದೆಯೇ? ನಮ್ಮ ಮನೆಯಲ್ಲಿ ಇತ್ತು. ಹಸಿರು ದಾರ ಮುಗಿದಿದ್ದರಿಂದ ಅವ್ವ ಅಕ್ಕನ ಫ್ರಾಕಿಗೆ ಹಳದಿ ದಾರದಲ್ಲೇ ಗಿಳಿ ಹಾಕಿದ್ದಳು. ಆ ಹೊಸ ಫ್ರಾಕ್ ತೊಟ್ಟೇ ಅಕ್ಕ, ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಸವದತ್ತಿಯ ಹಿನ್ನೀರಿನ ಬಳಿ ನಡೆದ ಮಕ್ಕಳ ಶಿಬಿರಕ್ಕೆ ಹೋದಳು. ಒಂದು ಮಧ್ಯಾಹ್ನ ಅವಳೂ ರಾಮದುರ್ಗದ ಇನ್ನೊಬ್ಬ ಹುಡುಗಿಯೂ ಕಾಣೆಯಾದರು. ದಂಡೆಯ ಮೇಲೆ ಎರಡು ಜೊತೆ ಚಪ್ಪಲಿ, ಪಕ್ಕಪಕ್ಕದಲ್ಲಿ, ನೀಟಾಗಿ. ದೇಹಗಳು ಸಿಗಲಿಲ್ಲ. ಮುಳುಗಿದರೆಂದು ಎಲ್ಲರೂ ತೀರ್ಮಾನಿಸಿದರು. ನಾವೂ.

"ಈ ಅರಿವಿ ಎಲ್ಲೀದು, ಗಂಗವ್ವಾ?" ಎಂದೆ.

"ಊರೂರ ತಿರಗಿ ತರತೇನ್ರಿ ಅಕ್ಕಾರ. ರಾಮದುರ್ಗದ ಹತ್ರ ಸಾಲಹಳ್ಳಿ ಕಡೀದ ಇರಬೇಕು. ಯಾಕ್ರಿ, ಗಿಳಿ ಮಾತಾಡಾಕ ಹತ್ತೇತೇನು?" ಎಂದು ನಕ್ಕಳು.

ಮಾತಾಡುತ್ತಿತ್ತು. ಬೆಳೆಯುವ ಹುಡುಗಿಯೆಂದು ಅವ್ವ ಫ್ರಾಕಿನ ಕೆಳಗೆ ಬಟ್ಟೆಯನ್ನು ಒಳಮಡಿಚಿ ಹೊಲಿದಿದ್ದಳು. ಆ ಮಡಿಕೆಯನ್ನು ಯಾರೋ ಬಿಚ್ಚಿದ್ದರು. ಮೊದಲು ಅರ್ಧ, ಮುಂದೆಂದೋ ಪೂರ್ತಿ. ಹಳೆಯ ಮಡಿಕೆಗಳ ಗೆರೆ ಹಾಗೆಯೇ ಉಳಿದಿತ್ತು, ಗೆರೆಯಿಂದ ಗೆರೆಗೆ ಬಣ್ಣ ಬೇರೆ ಬೇರೆಯಾಗಿ ಮಾಸಿತ್ತು.

ಮುಳುಗಿದ ಹುಡುಗಿಯ ಫ್ರಾಕ್ ಉದ್ದವಾಗುತ್ತದೆಯೇ?

ಬೇರೆ ಯಾರೋ ತೊಟ್ಟಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಫ್ರಾಕ್ ತಾನಾಗಿ ನೀರಿನಿಂದ ಎದ್ದು ಬರುವುದಿಲ್ಲವಲ್ಲ?

ತುಂಡನ್ನು ಅವ್ವನ ಕೈಗೆ ಕೊಟ್ಟೆ. ಅವಳು ಅಳಲಿಲ್ಲ. ಬೆರಗಾಗಲೂ ಇಲ್ಲ. ಗಿಳಿಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ ಗಂಗವ್ವನಿಗೆ ಮರಳಿಸಿದಳು.

"ಒಳಗಿನ ಪದರಿನ್ಯಾಗ ಹಾಕಿ ಹೊಲಿ. ಮ್ಯಾಲ ಕಾಣಬಾರದು."

"ಅವ್ವಾ, ಅಕ್ಕ ಬದುಕ್ಯಾಳಲ್ಲ?" ಎಂದೆ.

"ಬದುಕಿದ್ರ ಬರತಿದ್ಲು."

"ಬರಾಕ ಮನಸ್ಸ ಇಲ್ಲದಿದ್ರ?"

ಅವ್ವ ನನ್ನ ಮುಖ ನೋಡಲಿಲ್ಲ. "ಕಡೀ ಮೂಲಿ ಉಳದೈತಿ. ಒಂದು ರೊಟ್ಟಿ ತುಂಡ ತಾ. ಹಸದ ಕೌದಿ ಹೊದಿಬಾರದು."

(ಕೊನೆಯ ಮೂಲೆಯಲ್ಲಿ ತಿನಿಸಿನ ಚೂರಿಟ್ಟು ಕೌದಿ ಮುಚ್ಚುವುದು ನಮ್ಮ ಕಡೆಯ ವಾಡಿಕೆ.) ತಂದುಕೊಟ್ಟೆ. ಗಂಗವ್ವನ ನಗು ಅಷ್ಟರಲ್ಲಿ ನಿಂತಿತ್ತು.

ಈಗ ಅವ್ವ ಅದನ್ನೇ ಹೊದೆಯುತ್ತಾಳೆ. ಬೆಳಿಗ್ಗೆ ಮಡಿಚಿಡುವಾಗ ಒಳಗೆ ಗಿಳಿ ಇರುವ ಜಾಗ ನನ್ನ ಬೆರಳಿಗೆ ಸಿಗುತ್ತದೆ. ಕೌದಿಯೆಲ್ಲ ತಣ್ಣಗಾಗಿದ್ದರೂ ಅಲ್ಲಿ ಮಾತ್ರ, ರಾತ್ರಿಯಿಡೀ ಅಂಗೈ ಇಟ್ಟು ಮಲಗಿದ ಹಾಗೆ, ಬೆಚ್ಚಗಿರುತ್ತದೆ.

ಆದುದರಿಂದ ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ಓದುಗರು ತಿದ್ದಬೇಕಾಗಿ ಕೋರುತ್ತೇನೆ. ಅಕ್ಕಾ, ನೀನೂ ಓದುತ್ತಿದ್ದರೆ ಒಂದನ್ನು ಮಾತ್ರ ನೀನೇ ತಿಳಿಸಬೇಕು: ನೀನು ತಪ್ಪಿಸಿಕೊಂಡು ಹೋದದ್ದು ಶಿಬಿರದಿಂದಲೋ, ನಮ್ಮಿಂದಲೋ?