ಉಗಿ ಕೊಳವೆಯ ಆಯುಸ್ಸು

ಬಾಯ್ಲರಿನಿಂದ ಹೊರಡುವ ಉಗಿಯ ಕೊಳವೆ ವರ್ಷಗಟ್ಟಲೆ ಕಾವು, ಒತ್ತಡ ತಡೆಯುತ್ತ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತದೆ. ಇದಕ್ಕೆ ಕ್ರೀಪ್ ಅನ್ನುತ್ತಾರೆ. ಹೀಗೇ ಹಿಗ್ಗುತ್ತ ಒಂದು ದಿನ ಬಿರಿಯುತ್ತದೆ. ಆ ದಿನ ಇನ್ನೆಷ್ಟು ದೂರ ಎಂದು ಲೆಕ್ಕ ಹಾಕುವುದು ಪುಣೆಯಲ್ಲಿ ನನ್ನ ಕೆಲಸ. ನಮ್ಮ ಕಚೇರಿಯಲ್ಲಿ ಈ ಲೆಕ್ಕ ಬಲ್ಲವರು ನಾನು ಮತ್ತು ನನಗೆ ಕಲಿಸಿದ ವಿಜಯಪುರದ ಕಡೆಯ ಮೇಡಂ, ಇಬ್ಬರೇ. ಅವರು ನಿವೃತ್ತರಾಗಿ ಪುಣೆಗೆ ಹತ್ತಿರದ ಭೋರ್‌ನಲ್ಲಿ ತಂಗಿಯ ಮನೆ ಸೇರಿದ ಮೇಲೆ ನನ್ನ ಹಾಳೆಗಳನ್ನು ತಿದ್ದುವವರಿರಲಿಲ್ಲ. ಕನ್ನಡದಲ್ಲಿ ಮಾತಾಡುವವರೂ ಇರಲಿಲ್ಲ. ಊಟದ ಡಬ್ಬಿಯನ್ನು ಕಂಪ್ಯೂಟರಿನ ಮುಂದೆಯೇ ಬಿಚ್ಚತೊಡಗಿದೆ.

ಹೋದ ವರ್ಷ ಒಂದು ಸಕ್ಕರೆ ಕಾರ್ಖಾನೆಯ ಹಳೆಯ ಕೊಳವೆಯ ಲೆಕ್ಕ ಬಂತು. ಅವರು ಹೇಳಿದ ಉಷ್ಣತೆ ಹಿಡಿದರೆ ಅದು ಇನ್ನೂ ಬಹುಕಾಲ ಬಾಳುತ್ತಿತ್ತು. ಆದರೆ ನಾನು ಅಲ್ಲಿಗೆ ಹೋದಾಗ ಮೀಟರು ಅದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಕೇಳಿದರೆ, ಯಾವಾಗಲೋ ಒಮ್ಮೊಮ್ಮೆ ಹಾಗಾಗುತ್ತದೆ ಎಂದರು. ಕಾವು ಸ್ವಲ್ಪ ಏರಿದರೂ ಆಯುಸ್ಸು ತುಂಬ ಇಳಿಯುತ್ತದೆ. ಒಮ್ಮೊಮ್ಮೆ ಅಂದರೆ ಎಷ್ಟು? ನಮ್ಮ ಕಚೇರಿಯ ಸಾಹೇಬರನ್ನು ಕೇಳಿದೆ. ಅವರು ಹಾಳೆಯತ್ತ ನೋಡದೆಯೇ, ಕಾರ್ಖಾನೆಯವರು ಹೇಳಿದ ಉಷ್ಣತೆಯನ್ನೇ ಹಿಡಿದು ಸಹಿ ಮಾಡಿ ಕಳಿಸು ಎಂದರು.

ಭಾನುವಾರ ಹಾಳೆಗಳನ್ನು ಹಿಡಿದು ಭೋರ್ ಬಸ್ಸು ಹತ್ತಿದೆ. ಮೇಡಂ ನನ್ನನ್ನು ಗುರುತಿಸಿದರು, ಊರು ಯಾವುದೆಂದು ಕೇಳಿದರು. ಹುಬ್ಬಳ್ಳಿ ಎಂದೆ. ಹಾಳೆಯನ್ನು ಬಹಳ ಹೊತ್ತು ನೋಡಿ, ಮಡಚಿ, ನನ್ನ ಊರು ಯಾವುದೆಂದು ಮತ್ತೆ ಕೇಳಿದರು. ಅವರ ತಂಗಿ ತಲೆ ತಗ್ಗಿಸಿದರು.

"ಅಂಕಿ ತಲಿಯಾಗ ನಿಲ್ಲಂಗಿಲ್ಲವ್ವಾ ಈಗ," ಎಂದರು ಮೇಡಂ. "ನನ್ನ ಕೇಳಬ್ಯಾಡ. ನಿನಗ ಗೊತ್ತದ."

ರೊಟ್ಟಿ ಉಂಡು ಹೊರಟೆ. ಬಸ್ಸಿನಲ್ಲಿ ಹಾಳೆ ತೆಗೆಯಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಮರುದಿನ ನಾನು ಕಂಡ ಕಾವನ್ನೇ ಹಿಡಿದು ಲೆಕ್ಕ ಹಾಕಿದೆ, ಕೊಳವೆ ಬದಲಿಸಬೇಕೆಂದು ಬರೆದು ಸಹಿ ಮಾಡಿದೆ. ಕಾರ್ಖಾನೆಯವರು ಫೋನಿನಲ್ಲಿ ಸಿಟ್ಟಾದರು. ಆದರೂ ಕಬ್ಬಿನ ಹಂಗಾಮು ಮುಗಿದಾಗ ಬದಲಿಸಿದರು. ಹಳೆಯದರ ಒಂದು ತುಂಡು ಪರೀಕ್ಷೆಗೆ ಕೊಡಿ ಎಂದು ಕೇಳುವಷ್ಟರಲ್ಲಿ ಅದು ಗುಜರಿಗೆ ಹೋಗಿತ್ತು. ಅದರೊಳಗೆ ಬಿರುಕು ಮೂಡಿತ್ತೋ ಇಲ್ಲವೋ, ನನಗೆ ತಿಳಿಯಲೇ ಇಲ್ಲ.

ದೀಪಾವಳಿಗೆ ಭೋರ್‌ಗೆ ಫೋನು ಮಾಡಿದೆ. ಮೇಡಂ ಮಲಗಿದ್ದಾರೆ ಎಂದರು ಅವರ ತಂಗಿ. ಕೊಳವೆ ಬದಲಿಸಿದ್ದನ್ನು ಆ ತಂಗಿಗೇ ಹೇಳಿದೆ. ಅವರು ಹೂಂ ಎನ್ನುತ್ತ ಕೊನೆಯವರೆಗೂ ಕೇಳಿಸಿಕೊಂಡರು.